ಕಾಕಾನ ಕಂಪ್ಯೂಟರಿಗೆ ಹೊಸ ಕಾರ್ಡು

ನಮ್ಮ ಕಾಕಾ, ಅಪ್ಪನ ತಮ್ಮ, ನಿಮ್ಮ ಹಣೆಯ ಮೇಲೆ ಅಂಗೈ ಇಟ್ಟನೆಂದರೆ ಜ್ವರ ಎಷ್ಟು ಡಿಗ್ರಿ ಎಂಬುದನ್ನು ಪಾಯಿಂಟ್ ಸಮೇತ ಹೇಳಿಬಿಡುತ್ತಾನೆ. ಥರ್ಮಾಮೀಟರ್ ತಪ್ಪು ತೋರಿಸಬಹುದು, ಅವನ ಅಂಗೈ ತೋರಿಸುವುದಿಲ್ಲ. ಆದರೆ ಅದೇ ಕಾಕಾನಿಗೆ, ಹರಿದ ಚಪ್ಪಲಿಯನ್ನು ಹೊಲಿಸುತ್ತೀಯೋ ಹೊಸದು ತರುತ್ತೀಯೋ ಎಂದು ಕೇಳಿ ನೋಡಿ! ಉತ್ತರ ಬರಲು ಮೂರು ಮಳೆಗಾಲ ಬೇಕು. ಅಷ್ಟರಲ್ಲಿ ಚಪ್ಪಲಿಯೇ ಬೇಸತ್ತು, ಯಾವುದೋ ಗುಡಿಯ ಮುಂದಿನಿಂದ ಬೇರೆಯವರ ಕಾಲು ಹಿಡಿದು ಹೊರಟುಹೋಗಿರುತ್ತದೆ.

ಮದುವೆಯ ವಿಷಯದಲ್ಲೂ ಹೀಗೇ ಆಯಿತೆಂದು ಅವ್ವ ಹೇಳುತ್ತಾಳೆ. ವಯಸ್ಸಿನಲ್ಲಿ ಅಗಡಿ ಎಂಬ ಊರಿಗೆ ಹೋಗಿ ಒಂದು ಹುಡುಗಿಯನ್ನು ನೋಡಿ ಬಂದವನು, "ಸ್ವಲ್ಪ ವಿಚಾರ ಮಾಡ್ತೀನಿ" ಎಂದನಂತೆ. ವಿಚಾರ ಮುಗಿಯುವಷ್ಟರಲ್ಲಿ ಆ ಹುಡುಗಿಗೆ ಬೇರೆ ಕಡೆ ಮದುವೆಯಾಗಿ, ಮಗಳು ಹುಟ್ಟಿ, ಆ ಮಗಳ ನಿಶ್ಚಯಕ್ಕೆ ಕಾಕಾನಿಗೇ ಕರೆ ಬಂತು. ಹೋಗಿ ಹೊಟ್ಟೆ ತುಂಬ ಉಂಡು ಬಂದ! ಈಗ ಅವನಿಗೆ ಐವತ್ತೈದು. ಒಬ್ಬನೇ ಇದ್ದಾನೆ. ವಿಚಾರ ಇನ್ನೂ ನಡೆದಿದೆಯೇನೋ, ಕೇಳುವ ಧೈರ್ಯ ಯಾರಿಗೂ ಇಲ್ಲ.

ಕಾಕಾ ಇರುವುದು ಬ್ಯಾಡಗಿಯಲ್ಲಿ. ಅಲ್ಲಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ಸಾವಿರಾರು ಚೀಲ ಮೆಣಸಿನಕಾಯಿ ಬಣ್ಣಗೆಡದೆ ಮಲಗಿರಬೇಕಾದರೆ ತಂಪು ಒಂದೇ ಹದದಲ್ಲಿರಬೇಕು, ಆ ಹದವನ್ನು ಕಾಯುವವನು ಇವನು. ಊರೆಲ್ಲ ಮೇ ತಿಂಗಳಲ್ಲಿ ಬನಿಯನ್ ತೊಟ್ಟು ಬೀಸಣಿಗೆ ಹಿಡಿದಿದ್ದರೆ ಇವನು ಸ್ವೆಟರ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ. ದಾರಿಯಲ್ಲಿ ಸಿಕ್ಕವರು "ಮೆಣಸಿನಕಾಯಿ ರೇಟ್ ಎಷ್ಟಾತ್ರಿ?" ಎಂದರೆ "ನಾಲ್ಕು ಡಿಗ್ರಿ" ಎನ್ನುತ್ತಾನೆ. ಅವರು ಗಾಬರಿಯಾಗಿ ಮಾರುಕಟ್ಟೆಗೆ ಓಡುತ್ತಾರೆ.

ಇಂಥ ಮನುಷ್ಯನಿಗೆ ಕಂಪ್ಯೂಟರ್ ಆಟದ ಹುಚ್ಚು ಹಿಡಿದದ್ದು ಹತ್ತು ವರ್ಷದ ಕೆಳಗೆ. ಆಟವಾಡಲೆಂದೇ ಒಳ್ಳೆಯ ಕಂಪ್ಯೂಟರ್ ತಂದ. ಜೊತೆಗೆ ಮೇಜಿಗೆ ಬಿಗಿಯುವಂಥ ಒಂದು ಸ್ಟೀರಿಂಗ್, ಅದರ ಬಲಕ್ಕೆ ಗೇರು, ಕಾಲ ಕೆಳಗೆ ಬ್ರೇಕು, ಎಕ್ಸಲೇಟರು. ಅದರಲ್ಲಿ ಅವನು ಲಾರಿ ಓಡಿಸುತ್ತಾನೆ. ದೂರದೂರದ ದೇಶಗಳ ರಸ್ತೆಗಳಲ್ಲಿ ಹತ್ತು-ಹದಿನೆಂಟು ಗಾಲಿಯ ಟ್ರೇಲರ್! ಮತ್ತೆ ಹೇಗೆ ಓಡಿಸುತ್ತಾನೆ ಅಂತೀರಿ? ಪೊಲೀಸನಿಲ್ಲದ ಆಟದಲ್ಲೂ ಕೆಂಪು ದೀಪಕ್ಕೆ ನಿಲ್ಲುತ್ತಾನೆ. ಮಧ್ಯಾಹ್ನ ಒಂದು ಗಂಟೆಯಾದರೆ ಗಾಡಿಯನ್ನು ಮರದ ನೆರಳಿಗೆ ಹಾಕಿ, ಎದ್ದು ಹೋಗಿ ರೊಟ್ಟಿ ತಿಂದು ಬರುತ್ತಾನೆ. "ಬಿಸಲಾಗ ನಿಂತ್ರ ಎಂಜಿನ್ ಕಾಯತೈತಿ" ಎಂಬುದು ಅವನ ವಾದ. ಪರದೆಯೊಳಗಿನ ಬಿಸಿಲು, ಪರದೆಯೊಳಗಿನ ಎಂಜಿನ್ನು, ಪರದೆಯೊಳಗಿನ ನೆರಳು!

ಒಮ್ಮೆ ಯಾರೋ ಗುಂಡು ಹಾರಿಸುವ ಆಟವೊಂದನ್ನು ಹಾಕಿಕೊಟ್ಟಿದ್ದರು. ಕಾಕಾ ಬಂದೂಕನ್ನು ಬೆನ್ನಿಗೆ ಹಾಕಿಕೊಂಡು ನೇರವಾಗಿ ಹಿಮದ ಬೆಟ್ಟಕ್ಕೆ ನಡೆದ. "ನೋಡು ಮಗಳ, ಕಂಪ್ರೆಸರ್ ಇಲ್ಲದ ಎಷ್ಟು ತಂಪು ಇಟ್ಟಾರ!" ಎಂದು ಮೆಚ್ಚಿ ತಲೆದೂಗುತ್ತಿರುವಾಗಲೇ ವೈರಿ ಹಿಂದಿನಿಂದ ಬಂದು ಅವನನ್ನು ಮುಗಿಸಿದ. ಕಾಕಾನಿಗೆ ಬೇಜಾರೇನೂ ಆಗಲಿಲ್ಲ. ಮತ್ತೆ ಲಾರಿಗೆ ಬಂದ.

ಆ ಕಂಪ್ಯೂಟರಿನ ಸಿಪಿಯು ಪೆಟ್ಟಿಗೆಗೆ ಒಂದು ಬದಿಯ ತಗಡೇ ಇಲ್ಲ. ಬಿಚ್ಚಿ ಇಟ್ಟಿದ್ದಾನೆ. ಎದುರಿಗೆ ಟೇಬಲ್ ಫ್ಯಾನು. ಕಾಕಾ ಬೆವರುತ್ತ ಕೂತರೂ ಫ್ಯಾನಿನ ಮುಖ ತನ್ನ ಕಡೆಗೆ ತಿರುಗಿಸಿಕೊಂಡವನಲ್ಲ. ಹೋದವರಿಗೂ ಗಾಳಿ ಇಲ್ಲ. ಕಂಪ್ಯೂಟರ್ ಒಂದೇ ಆ ಮನೆಯಲ್ಲಿ ಸುಖವಾಗಿದ್ದದ್ದು.

ಹೀಗಿರುವಾಗ ಹೋದ ವರ್ಷ ಲಾರಿಯ ಹೊಸ ಆಟವೊಂದು ಬಂತು. ಹೊಸ ರಸ್ತೆಗಳು, ಘಟ್ಟಗಳು, ಮಂಜು, ಸುರಂಗಗಳು. ಅದು ಓಡಬೇಕಾದರೆ ಕಂಪ್ಯೂಟರಿನಲ್ಲಿ ಏನೇನಿರಬೇಕೆಂಬ ಒಂದು ಪಟ್ಟಿಯನ್ನೂ ಕೊಟ್ಟಿದ್ದರು. ಕಾಕಾ ಅದನ್ನು ಕಾಗದಕ್ಕೆ ಇಳಿಸಿಕೊಂಡು ಬಂದ. ವರನ ಜಾತಕದ ಮುಂದೆ ಕನ್ಯೆಯ ಜಾತಕ ಇಟ್ಟಂತೆ ಅದರ ಪಕ್ಕಕ್ಕೆ ತನ್ನ ಕಂಪ್ಯೂಟರಿನ ವಿವರ ಬರೆದ. ಒಂದು ಕೂಟವೂ ಕೂಡಲಿಲ್ಲ! ಹೊಸ ಆಟ ಓಡಬೇಕಾದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬದಲಿಸಲೇಬೇಕು.

ಹಾಕಿಸೋದೋ, ಬ್ಯಾಡೋ?

ಐದು ತಿಂಗಳು, ಸ್ವಾಮೀ, ಐದು ತಿಂಗಳು ಈ ಪ್ರಶ್ನೆ ನಮ್ಮ ಮನೆಯ ಉಸಿರು ಹಿಡಿಯಿತು. ನಾನು ಹಾವೇರಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತೇನೆ. ಅಕ್ಷಾಂಶದ ಪಾಠ ನಡೆದಿರುವಾಗ ಕಿಸೆಯಲ್ಲಿ ಫೋನು ಗುಂಯ್‌ಗುಡುತ್ತಿತ್ತು. "ಮಗಳ, ಹಾಕಸೂದ ಅಂತ ಮಾಡೇನಿ." ಊಟದ ಹೊತ್ತಿಗೆ ಮತ್ತೆ ಫೋನು. "ಬ್ಯಾಡ ಅಂತ ಮಾಡೇನಿ." ಸಂಜೆ ಇನ್ನೊಮ್ಮೆ. "ನೀ ಏನಂತಿ?" ನಾನು ಹಾಕಿಸು ಎಂದರೆ ಬೇಡವೆನ್ನಲು ಅವನ ಬಳಿ ಹತ್ತು ಕಾರಣ ಇರುತ್ತಿದ್ದವು, ಬೇಡ ಎಂದರೆ ಹಾಕಿಸಲು ಹನ್ನೊಂದು.

"ಕಾಕಾ, ಈ ಹಳೇ ಡಬ್ಬಾ ಬಿಟ್ಟು ಪೂರಾ ಹೊಸಾ ಕಂಪ್ಯೂಟರ್ ತಗೋಬಾರದಾ?" ಎಂದೆ ಒಂದು ದಿನ, ರೋಸಿಹೋಗಿ.

"ಈ ಸ್ಟೀರಿಂಗ್ ಹೊಸದಕ್ಕ ಹೊಂದಂಗಿಲ್ಲ ಅಂತ. ರೂಢಿ ಆದ ಸ್ಟೀರಿಂಗ್ ಬಿಡಾಕ ಬರತೈತೇನ?"

"ರೂಢಿ ಮಾಡ್ಕೊಳ್ಳಾಕ ಎಷ್ಟು ದಿನ ಬೇಕು? ನೀ ಏನ್ ಸಣ್ಣ ಮಗಾನ?"

ಕಾಕಾ ಉತ್ತರ ಕೊಡದೆ ಫೋನಿಟ್ಟ. ನನಗೆ ಅದು ವಿಚಿತ್ರವೆನಿಸಿತು. ವಾದದಲ್ಲಿ ಅವನು ಹಾಗೆ ಸುಮ್ಮನಾಗುವವನಲ್ಲ.

ಮುಂದಿನ ವಾರ ನನ್ನನ್ನು ಸಾಕ್ಷಿಗೆಂದು ರಾಣೆಬೆನ್ನೂರಿಗೆ ಎಳೆದುಕೊಂಡು ಹೋದ. ಅಲ್ಲಿ ಅವನಿಗೆ ನಂಬಿಕೆಯ ಒಂದು ಕಂಪ್ಯೂಟರ್ ಅಂಗಡಿ ಇದೆ. ನಡೆಸುವವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮೂಗಿನ ಮೇಲೆ ಕನ್ನಡಕ, ಕಿವಿಯ ಹಿಂದೆ ಸ್ಕ್ರೂಡ್ರೈವರ್. ಕಾಕಾನನ್ನು ಕಂಡವಳೇ ಕೈ ಮುಗಿದಳು.

"ಬರ್ರಿ ಕಾಕಾರ, ಕುಂದ್ರಿ. ಇದು ಏಳನೇ ಸಲ ನೋಡ್ರಿ."

"ಆರನೇದು" ಎಂದ ಕಾಕಾ. "ತಂಗಿ, ಆ ಕಾರ್ಡು ಇನ್ನೊಮ್ಮೆ ತೋರಸು. ಇದು ಆಟ ನಡದಾಗ ಎಷ್ಟು ಬಿಸಿ ಆಕ್ಕೈತಿ?"

"ಎಪ್ಪತ್ತೈದು ಡಿಗ್ರಿ ತನಕ ಹೋಗತೈತ್ರಿ."

ಕಾಕಾ ಕುರ್ಚಿಯಿಂದ ಎದ್ದೇ ಬಿಟ್ಟ. "ಎಪ್ಪತ್ತೈದು! ಅಷ್ಟರಾಗ ಮೆಣಸಿನಕಾಯಿ ಕರ್‍ರಗ ಆಗತೈತಿ!"

"ಇದರಾಗ ಮೆಣಸಿನಕಾಯಿ ಇಡಂಗಿಲ್ಲಲ್ರಿ ಕಾಕಾರ."

"ಅದು ಖರೇ." ಕುಳಿತ. ಸ್ವಲ್ಪ ಹೊತ್ತು ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು ತೂಗಿದ. ಆಮೇಲೆ ದನಿ ತಗ್ಗಿಸಿ ಕೇಳಿದ. "ನಮ್ಮ ಯಂತ್ರ ಹತ್ತು ವರ್ಷದ್ದು. ಇದನ್ನ ಹಾಕಿದ ಮ್ಯಾಲ ಅದು ಏಳದೇ ಹೋದ್ರ?"

"ಏಳತೈತ್ರಿ. ನೂರಕ್ಕ ತೊಂಬತ್ತು."

"ಉಳದ ಹತ್ತು?"

ಅಂಗಡಿಯವಳು ನಕ್ಕಳು. ನಾನೂ ನಕ್ಕೆ. ಆಟದ ಡಬ್ಬಿಗೆ ಇಷ್ಟು ಚಿಂತೆಯೇ! ಆದರೆ ಕಾಕಾ ನಗಲಿಲ್ಲ. ಆ ಹತ್ತು ಅವನ ಕಣ್ಣೆದುರು ಬಂದು ಸಾಲಾಗಿ ನಿಂತಂತೆ ಕಾರ್ಡನ್ನು ನೋಡುತ್ತಲೇ ಇದ್ದ. ಕೊನೆಗೆ, ಅಂಗಡಿಯವಳೂ ನಾನೂ ಕೈಚೆಲ್ಲಿ ಚಹಾ ತರಿಸಿ ಕುಡಿಯುತ್ತಿರುವಾಗ, ಯಾರೂ ಕೇಳದೆ ಇದ್ದಾಗ, "ಕಟ್ಟಿ ಕೊಡು" ಎಂದುಬಿಟ್ಟ. ಚಹಾ ನನ್ನ ಗಂಟಲಲ್ಲಿ ನಿಂತಿತು. ಐವತ್ತೈದು ವರ್ಷದಲ್ಲಿ ಅವನು ಮಾಡಿದ ಮೊದಲ ತೀರ್ಮಾನ!

ಕಾರ್ಡು ಜೋಡಿಸಲು ಶನಿವಾರ ಗೊತ್ತಾಯಿತು. ನಾನು ಬ್ಯಾಡಗಿಗೆ ಬರಲೇಬೇಕೆಂದ. ಕಾಲೇಜಿನಲ್ಲಿ ಕೆಲಸ ಮಾಡುವವರಿಗೆಲ್ಲ ಕಂಪ್ಯೂಟರ್ ಬಿಚ್ಚಲು ಬರುತ್ತದೆ ಎಂಬುದು ಅವನ ದೃಢ ನಂಬಿಕೆ. ನದಿಗಳ ಬಗ್ಗೆ ಕೇಳಿದರೆ ಹೇಳಿಯೇನು, ಈ ಪೆಟ್ಟಿಗೆಯಲ್ಲಿ ನನಗೆ ಗೊತ್ತಿದ್ದದ್ದು ಒಂದೇ, ಒತ್ತುವ ಗುಂಡಿ. ಆದರೂ ಹೋದೆ. ಬೆಳಿಗ್ಗೆ ಹತ್ತಕ್ಕೆ ಅವನ ಮನೆ ಮುಟ್ಟಿದಾಗ ಕಾಕಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಜಮಖಾನೆ ಹಾಸಿ ಅದರ ಮೇಲೆ ಪೆಟ್ಟಿಗೆ ಮಲಗಿಸಿದ್ದ. ಅಂಗಡಿಯವಳು ನನ್ನ ಫೋನಿನ ವಿಡಿಯೊ ಕರೆಯಲ್ಲಿ ದಾರಿ ಹೇಳುವುದೆಂದು ಮಾತಾಗಿತ್ತು.

"ಮೊದಲ ಧೂಳಾ ಹೊಡೀರಿ ಕಾಕಾರ" ಎಂದಳು ಅವಳು ಫೋನಿನೊಳಗಿನಿಂದ.

ಬ್ಯಾಡಗಿಯ ಧೂಳು ಎಂದರೆ ಏನು ಅಂದುಕೊಂಡಿರಿ? ಬೇರೆ ಊರಿನದು ಮಣ್ಣು, ಈ ಊರಿನದು ಮಸಾಲೆ! ಬದಿಯ ತಗಡಿಲ್ಲದೆ, ಟೇಬಲ್ ಫ್ಯಾನಿನ ಗಾಳಿಗೆ ಮುಖ ಒಡ್ಡಿಕೊಂಡು, ಹತ್ತು ವರ್ಷ ಆ ಪೆಟ್ಟಿಗೆ ಊರಿನ ಕೆಂಪು ಧೂಳನ್ನೆಲ್ಲ ಉಂಡಿತ್ತು. ಒಳಗೆ ನೋಡಿದರೆ ಪ್ರತಿಯೊಂದು ಭಾಗಕ್ಕೂ ಕುಂಕುಮಾರ್ಚನೆ ಮಾಡಿದಂತಿತ್ತು. ಕಾಕಾ ಸ್ಟೋರೇಜಿನಿಂದ ಗಾಳಿ ಊದುವ ಯಂತ್ರ ತಂದಿದ್ದ. ಅವಳು ಹೇಳಿದಂತೆ ರ್‍ಯಾಮ್ ಎಂಬ ಪಟ್ಟಿಯನ್ನು ಕಿತ್ತು ಬದಿಗಿಟ್ಟು ಯಂತ್ರ ಹಚ್ಚಿದ.

ಮುಂದಿನದನ್ನು ನಾನು ನೋಡಿಲ್ಲ, ಕಣ್ಣು ಮುಚ್ಚಿತ್ತು. ಕೇಳಿದ್ದು ಮಾತ್ರ ಹೇಳಬಲ್ಲೆ. ಮೊದಲು ನಾನು ಸೀನಿದೆ, ಆಮೇಲೆ ಕಾಕಾ, ಆಮೇಲೆ ಪಕ್ಕದ ಮನೆಯವರು, ಅದರಾಚೆಯವರು. ಬೀದಿಯ ತುದಿಯ ತನಕ ಸೀನು ಒಂದರ ಹಿಂದೊಂದು ಹೋಗುವುದು ಕೇಳಿಸುತ್ತಿತ್ತು. ಮೇಲಿನ ಮನೆಯ ಅಜ್ಜಿ ಕೂಗಿದಳು. "ಯಾರೋ ಅದು, ಹಾಡೇ ಹಗಲ ಒಗ್ಗರಣಿ ಹೊತ್ತಸಾಕತ್ತವ್ರು!" ಫೋನಿನೊಳಗಿನ ಅಂಗಡಿಯವಳು ರಾಣೆಬೆನ್ನೂರಿನಲ್ಲಿ ಕೂತು ಕೂಡ ಮೂಗಿಗೆ ಸೆರಗು ಹಿಡಿದಳು. ಖರೇ ಹೇಳುತ್ತೇನೆ!

ಧೂಳು ಅಡಗಿತು. ಕಾಕಾ ಅಂಗಿಯ ತೋಳು ಮಡಚಿ, ರ್‍ಯಾಮಿನ ಪಟ್ಟಿ ಮತ್ತೆ ಸಿಕ್ಕಿಸಿ, ಹಳೆಯ ಕಾರ್ಡು ತೆಗೆದು, ಹೊಸದನ್ನು ಕೂರಿಸಿದ. ಟಕ್ಕೆಂಬ ಸದ್ದು ಬಂತು. ಸ್ಕ್ರೂ ಬಿಗಿದ. ತಂತಿ ಸಿಕ್ಕಿಸಿದ. ದೇವರಿಗೆ ಕೈ ಮುಗಿದು ಗುಂಡಿ ಒತ್ತಿದ.

ಫ್ಯಾನು ತಿರುಗಿತು. ದೀಪ ಹತ್ತಿತು. ಪರದೆ ಮಾತ್ರ ಕಪ್ಪು.

ಮತ್ತೆ ಒತ್ತಿದ. ಕಪ್ಪು. ಅಂಗಡಿಯವಳು ಹೇಳಿದಂತೆ ತಂತಿ ಬದಲಿಸಿದ. ಕಪ್ಪು. ಕಾರ್ಡು ತೆಗೆದು ಮತ್ತೆ ಕೂರಿಸಿದ. ಕಪ್ಪು.

"ಹಳೇ ಕಾರ್ಡ ಹಾಕಿ ನೋಡ್ರಿ" ಎಂದಳು ಅವಳು. ಅವಳ ದನಿಯಲ್ಲಿ ನಗು ಇರಲಿಲ್ಲ.

ಕಾಕಾ ಹಳೆಯದನ್ನು ಹಾಕಿದ. ಗುಂಡಿ ಒತ್ತಿದ. ಹತ್ತು ವರ್ಷ ಒಂದು ದಿನವೂ ಮೋಸ ಮಾಡದಿದ್ದ ಅದೇ ಪೆಟ್ಟಿಗೆ, ಅದೇ ಕಾರ್ಡು. ಪರದೆ ಕಪ್ಪಾಗಿಯೇ ಉಳಿಯಿತು.

ಹೊಸದೂ ಇಲ್ಲ, ಹಳೆಯದೂ ಇಲ್ಲ.

ಕಾಕಾ ಜಮಖಾನೆಯ ಮೇಲೆ ಕುಸಿದು ಕುಳಿತ. ಮುಖ ಹಿಂಡಿದ ನಿಂಬೆಹಣ್ಣಿನಂತಾಗಿತ್ತು. ನಾನು ಸಮಾಧಾನ ಹೇಳಲು ಹೋಗಿ, "ಹೋಗಲಿ ಬಿಡು ಕಾಕಾ, ಆಟ ತಾನೇ" ಎಂದೆ. ಅವನು ನನ್ನನ್ನು ಎಷ್ಟು ಸಿಟ್ಟಿನಿಂದ ನೋಡಿದನೆಂದರೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವನಿಗೆ ಸಿಟ್ಟು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಆಗ ಅವನ ಫೋನು ಬಡಿದುಕೊಂಡಿತು. ಕೈಯಲ್ಲಿ ಸ್ಕ್ರೂ ಹಿಡಿದಿದ್ದ ಅವನು ಏಳಲಿಲ್ಲ. ನಾನೇ ಎತ್ತಿದೆ. ಹಲೋ ಎನ್ನುವ ಮೊದಲೇ ಆ ಕಡೆಯಿಂದ ದನಿ ಬಂತು.

"ತಮ್ಮಾ, ಗಾಡಿ ಹತ್ತಿತೇನ? ನಾಳೆ ನಂಗ ಘಟ್ಟದ ರಸ್ತಾ ಸಿಗತೈತೋ ಇಲ್ಲೋ?"

ಅವ್ವ! ಹಾವೇರಿಯಲ್ಲಿ ನನ್ನ ಮನೆಯಲ್ಲಿ ಕೂತು ಜಪ ಮಾಡುತ್ತಿರಬೇಕಾಗಿದ್ದ ನನ್ನ ಅವ್ವ!

"ಯಾವ ಗಾಡಿ ಅವ್ವಾ? ಯಾವ ಘಟ್ಟ?"

"ನೀ ಯಾಕ ಎತ್ತಿದಿ ಅವನ ಫೋನು?" ಎಂದು ನನ್ನನ್ನೇ ಗದರಿಸಿ ಅವ್ವ ಫೋನಿಟ್ಟಳು.

ಇಲ್ಲಿ ಒಂದಿಷ್ಟು ಹಿಂದಿನದನ್ನು ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗಿದ್ದಾಳೆ. ಒಂದೂವರೆ ವರ್ಷದ ಕೆಳಗೆ ಅವಳಿಗೆ ಲಕ್ವಾ ಹೊಡೆಯಿತು. ಬೇಗ ಆಸ್ಪತ್ರೆ ಸೇರಿಸಿದ್ದರಿಂದ ಮಾತು ಬಂತು, ನಡಿಗೆ ಬಂತು, ಎಡಗೈ ಮಾತ್ರ ಬರಲಿಲ್ಲ. ದಿನಾ ಒತ್ತಬೇಕೆಂದು ಆಸ್ಪತ್ರೆಯಲ್ಲಿ ರಬ್ಬರ್ ಚೆಂಡು ಕೊಟ್ಟಿದ್ದರು. "ಚೆಂಡಾಡಾಕ ನಾ ಏನ್ ಕೂಸೇನ?" ಎಂದು ಅವ್ವ ಅದನ್ನು ಓಣಿಯ ನಾಯಿಗೆ ಎಸೆದಳು. ನಾಯಿಯ ವ್ಯಾಯಾಮ ಚೆನ್ನಾಗಿ ಆಯಿತು. ಅವ್ವನ ಎಡಗೈ ತೊಡೆಯ ಮೇಲೆ ಸೆರಗಿನಡಿ ಬಿದ್ದುಕೊಂಡಿರುತ್ತಿತ್ತು. ಭಾನುವಾರಗಳಲ್ಲಿ ಕಾಕಾ ರೈಲಿನಲ್ಲಿ ಬಂದು ಅವಳನ್ನು ಬ್ಯಾಡಗಿಗೆ ಕರೆದುಕೊಂಡು ಹೋಗಿ ಸಂಜೆ ತಂದು ಬಿಡುತ್ತಿದ್ದ. ವೈನಿ-ಮೈದುನ ಮಿರ್ಚಿ-ಮಂಡಕ್ಕಿ ತಿಂದು ಹಳೆಯ ಮಾತಾಡಿಕೊಂಡು ಬರುತ್ತಾರೆ ಎಂದುಕೊಂಡಿದ್ದೆ.

"ಹೇಳು ಕಾಕಾ" ಎಂದೆ.

ಕಾಕಾ ಕೈಯಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಜಮಖಾನೆಯ ಮೇಲಿಟ್ಟ.

"ಮೊದಲ ಸಲ ಬಂದಾಗ ನಾ ಚಾ ಮಾಡಾಕ ಒಳಗ ಹೋಗಿದ್ದೆ. ಬಂದು ನೋಡಿದ್ರ ವೈನಿ ಬಲಗೈಲೆ ಸ್ಟೀರಿಂಗ್ ಹಿಡದು ಲಾರೀನ ಹೊಲದಾಗ ಇಳಿಸಿಬಿಟ್ಟಾಳ. 'ಇದು ಹೆಂಗ ತಿರಗಸೂದೋ?' ಅಂದ್ಲು. 'ಒಂದ ಕೈಲೆ ತಿರಗಂಗಿಲ್ಲ ವೈನಿ, ಎರಡೂ ಕೈ ಬೇಕು' ಅಂದೆ. ಸುಳ್ಳ ಹೇಳಿದೆ ಮಗಳ. ಒಂದ ಕೈಲೆ ಭೇಷಿ ತಿರಗತೈತಿ."

"ಆಮೇಲೆ?"

"ಎಡಗೈ ಎತ್ತಿ ನಾನ ಅದರ ಮ್ಯಾಲ ಇಟ್ಟೆ. ನಾಕು ತಿಂಗಳು ಸುಮ್ನ ಕೂತಿತ್ತು ಆ ಕೈ. ಆಮ್ಯಾಲ ಒಂದಿನಾ ಬೆರಳು ಹಿಡದ್ವು. ನಿಮ್ಮ ಮುಂದ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ಲು. ಹೇಳಿದ್ರ ನೀವು ಇದನ್ನೂ ಔಷಧ ಮಾಡ್ತೀರಿ, ಆಮ್ಯಾಲ ಆಕಿಗೆ ಸೇರಂಗಿಲ್ಲ."

ಜನ್ಮದಲ್ಲಿ ಸೈಕಲ್ ಮುಟ್ಟದ ನನ್ನ ಅವ್ವ ಪರದೇಶದಲ್ಲಿ ಟ್ರೇಲರ್ ಓಡಿಸುತ್ತಿದ್ದಾಳೆ!

"ಮತ್ತ ಐದು ತಿಂಗಳು ಹೌದೋ ಅಲ್ಲೋ ಅಂತ ಯಾಕ ಒದ್ದಾಡಿದಿ?"

"ಎಲ್ಲಾ ರಸ್ತಾ ಮುಗದ್ವು ಮಗಳ. ಯಾವ ತಿರುವಿನಾಗ ಯಾವ ಗಿಡ ಐತಿ ಅನ್ನೂದು ಆಕಿಗೆ ಬಾಯಿಪಾಠ. ಈಗ ಬರತಾಳ, ಹತ್ತು ನಿಮಿಷ ಹೊಡೀತಾಳ, ಆಕಳಸತಾಳ. ಎಡಗೈ ಮತ್ತ ತೊಡಿ ಮ್ಯಾಲ ಹೊಂಟೈತಿ. ಹೊಸಾ ರಸ್ತಾ ಬೇಕು. ಹೊಸದು ಹಾಕಾಕ ಹೋಗಿ ಯಂತ್ರಾನ ಹೋದ್ರ ಇದ್ದದ್ದೂ ಹೋತು. ಹಾಕಸದಿದ್ರ ಆಕಿ ಬರೂದ ಬಿಡತಾಳ. ನಾ ಹೆಂಗ ಲಗೂ ಹೇಳಲಿ, ನೀನ ಹೇಳು."

ಐದು ತಿಂಗಳು ಅವನ ಫೋನು ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಅವನ ದನಿ ಅನುಕರಿಸಿ ಎಲ್ಲರನ್ನೂ ನಗಿಸಿದವಳು ನಾನು. ಎದ್ದು, ಕಾಕಾನ ಹಾಸಿಗೆಯ ಮೇಲಿನ ಕಂಬಳಿ ತಂದು ಪೆಟ್ಟಿಗೆಗೆ ಸುತ್ತಿ, ಹೊಸ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡೆ. "ಏಳು. ರಾಣೆಬೆನ್ನೂರಿಗೆ ಹೋಗೂಣು."

ಮಧ್ಯಾಹ್ನದ ಪ್ಯಾಸೆಂಜರ್ ರೈಲು. ಕಾಕಾ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಅಪ್ಪಿ ಕುಳಿತಿದ್ದ. ಗಾಡಿ ಕುಲುಕಿದಾಗಲೆಲ್ಲ ಅದಕ್ಕೆ ಪೆಟ್ಟಾಗದಂತೆ ಮೈ ಬಾಗಿಸುತ್ತಿದ್ದ. ಎದುರಿಗೆ ಕೂತ ಹೆಂಗಸು ಕಂಬಳಿಯನ್ನೇ ನೋಡಿ ನೋಡಿ, "ಆರಾಮಿಲ್ಲೇನ್ರಿ ಕೂಸಿಗೆ?" ಎಂದಳು. ಬೇರೆ ದಿನವಾಗಿದ್ದರೆ ನಾನು ನಕ್ಕು ಸಾಯುತ್ತಿದ್ದೆ. ಕಾಕಾ ತಲೆ ಎತ್ತದೆ, "ಹೌದ್ರಿ, ಕಣ್ಣ ತಗೀವಲ್ದು" ಎಂದ. ಆಕೆ ಚಿಕ್ ಚಿಕ್ ಎಂದು ಮರುಗಿ, ತನ್ನ ಬುಟ್ಟಿಯಿಂದ ಎರಡು ಬಾಳೆಹಣ್ಣು ಕೊಟ್ಟಳು.

ಅಂಗಡಿಯವಳು ಬಾಗಿಲಲ್ಲೇ ಕಾಯುತ್ತಿದ್ದಳು. ಪೆಟ್ಟಿಗೆಯನ್ನು ಮೇಜಿನ ಮೇಲೆ ಮಲಗಿಸಿ, ದೀಪ ಎಳೆದುಕೊಂಡು, ಒಂದೊಂದೇ ಭಾಗ ಬಿಚ್ಚಿ ಪರೀಕ್ಷಿಸತೊಡಗಿದಳು. ವಿದ್ಯುತ್ ಬರುತ್ತಿದೆ. ಕಾರ್ಡು ಸರಿಯಿದೆ. ಅಂಗಡಿಯ ಪರದೆ ಹಚ್ಚಿ ನೋಡಿದರೂ ಕಪ್ಪು. ಹಾಗಾದರೆ ಮೂಲ ಬೋರ್ಡೇ ಹೋಗಿದೆಯೇ? "ಅದು ಹೋಗಿದ್ರ ಈಗ ಆ ಜಾತಿದು ಸಿಗಂಗಿಲ್ರಿ ಕಾಕಾರ" ಎಂದು ಮೆಲ್ಲಗೆ ಹೇಳಿದಳು. ಕಾಕಾ ಗೋಡೆಗೆ ಆತು ನಿಂತ.

ರ್‍ಯಾಮಿನ ಪಟ್ಟಿಯನ್ನು ಕಿತ್ತು, ಅದು ಕೂರುವ ಸಂದಿನೊಳಗೆ ದೀಪ ಹಿಡಿದು ಇಣುಕಿದವಳು, ತಟ್ಟನೆ ಚಿಮ್ಮಟ ಕೇಳಿದಳು. ಸಂದಿನಿಂದ ಏನನ್ನೋ ಹಿಡಿದು ಮೇಲೆತ್ತಿ ಬಿಳಿಯ ಕಾಗದದ ಮೇಲೆ ಇಟ್ಟಳು. ಮೂವರೂ ಬಗ್ಗಿ ನೋಡಿದೆವು.

ಮೆಣಸಿನಕಾಯಿಯ ಬೀಜ!

ಗಾಳಿ ಊದಿದಾಗ ಎಲ್ಲಿಂದಲೋ ಹಾರಿ ಹೋಗಿ ಆ ಸಂದಿನಲ್ಲಿ ಕೂತು, ಪಟ್ಟಿ ಸರಿಯಾಗಿ ಅಂಟದಂತೆ ಮಾಡಿತ್ತು. ಕಾಕಾ ಕನ್ನಡಕ ಏರಿಸಿಕೊಂಡು ಅದನ್ನು ಬೆರಳ ತುದಿಯಿಂದ ಹೊರಳಿಸಿದ. "ಇದು ಕಡ್ಡಿ ಅಲ್ಲ, ಡಬ್ಬಿ ಕಾಯಿದು" ಎಂದ. ಬ್ಯಾಡಗಿಯ ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ ಎಂದು ಎರಡು ಬಗೆ. ಜೀವ ಬಾಯಿಗೆ ಬಂದಿರುವಾಗಲೂ ಬೀಜದ ಜಾತಿ ತಪ್ಪಬಾರದು ನೋಡಿ!

ಹಳೆಯ ಕಾರ್ಡಿನ ಜೊತೆ ಪೆಟ್ಟಿಗೆ ಎದ್ದು ಕೂತಿತು. ಪರದೆಯ ಮೇಲೆ ಬೆಳಕು ಬಂದಾಗ ಕಾಕಾನ ಕಣ್ಣಲ್ಲೂ ಬಂತು. ಅಂಗಡಿಯವಳು ಬೆವರು ಒರೆಸಿಕೊಂಡು ಕೇಳಿದಳು.

"ಈಗ ಹೇಳ್ರಿ ಕಾಕಾರ. ಹಿಂಗ ಬಿಡ್ಲೋ, ಹೊಸಾ ಕಾರ್ಡ ಹಾಕ್ಲೋ? ಬ್ಯಾಡಂದ್ರ ವಾಪಸ್ ತಗೋತೀನಿ."

ಮತ್ತೆ ಅದೇ ಪ್ರಶ್ನೆ! ಸತ್ತು ಬದುಕಿದ ಯಂತ್ರ ಎದುರಿಗೆ ಗುಂಯ್ ಎನ್ನುತ್ತಿದೆ. ಮುಟ್ಟದೆ ಮನೆಗೆ ಒಯ್ದರೆ ಎಲ್ಲ ಇದ್ದಂತೆ ಇರುತ್ತದೆ. ಕಾಕಾ ನನ್ನ ಮುಖ ನೋಡಿದ. ನಾನು ಮುಖ ತಿರುಗಿಸಿಕೊಂಡೆ. ಆಗ ಅವನು ಫೋನು ತೆಗೆದ.

"ವೈನಿ, ಯಂತ್ರ ಸತ್ತಿತ್ತು, ಎದ್ದೈತಿ. ಹಳೇದ ಇರಲೇನ? ಹೊಸದು ಹಾಕಿದ್ರ ಏನಾಗತೈತೋ ಗೊತ್ತಿಲ್ಲ."

ಅವ್ವನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಹಳೇ ರಸ್ತಾದಾಗ ನಂಗ ನಿದ್ದಿ ಬರತೈತೋ ತಮ್ಮಾ. ಹಾಕಿಸು. ಹಾಳಾದ್ರ ಹಾಳಾತು, ಇಬ್ರೂ ಕೂಡಿ ಮಂಡಕ್ಕಿ ತಿನ್ನೂಣು."

"ಹಾಕು ತಂಗಿ" ಎಂದ ಕಾಕಾ. ಹೇಳಿ ಕಣ್ಣು ಮುಚ್ಚಿಕೊಂಡ. ಟಕ್ಕೆಂಬ ಸದ್ದಾಯಿತು. ಗುಂಡಿ ಒತ್ತಿದ ಸದ್ದಾಯಿತು. ಒಂದು, ಎರಡು, ಮೂರು... ನಾನು ಹನ್ನೊಂದರ ತನಕ ಎಣಿಸಿದ್ದೆ.

"ಕಣ್ಣ ತಗೀರಿ ಕಾಕಾರ" ಎಂದಳು ಅಂಗಡಿಯವಳು. "ಬಂತು."

ಮರುದಿನ ಭಾನುವಾರ ನಾನೂ ಬ್ಯಾಡಗಿಗೆ ಹೋದೆ. ಗುಟ್ಟು ಒಡೆದದ್ದಕ್ಕೆ ಅವ್ವ ರೈಲಿನಲ್ಲಿ ನನ್ನ ಜೊತೆ ಮಾತಾಡಲಿಲ್ಲ. ಕಾಕಾನ ಮನೆಯಲ್ಲಿ ಕುರ್ಚಿಗೆ ದಿಂಬು ಕಟ್ಟಿ ಎತ್ತರ ಮಾಡಿತ್ತು. ಅವ್ವ ಸೆರಗು ಸಿಕ್ಕಿಸಿ ಕೂತಳು. ಬಲಗೈಯಿಂದ ಎಡಗೈಯನ್ನು ಎತ್ತಿ ಸ್ಟೀರಿಂಗಿನ ಮೇಲಿಟ್ಟಳು. ಪಾದ ಎಕ್ಸಲೇಟರಿನ ಮೇಲೆ. ಹೊಸ ಆಟ ತೆರೆಯಿತು. ಬೆಳಗಿನ ಮಂಜು, ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ, ಹಿಂದೆ ಟ್ರೇಲರಿನ ತುಂಬ ಕಟ್ಟಿಗೆಯ ಭಾರ.

"ಸಾವಕಾಶ ವೈನಿ, ಇಳಕಲ ಐತಿ."

"ಕಾಣತೈತಿ. ಬಾಯಿ ಮುಚ್ಚು."

ಮೊದಲ ತಿರುವು ದಾಟಿತು. ಎರಡನೆಯದು ದಾಟಿತು. ಮೂರನೆಯದರಲ್ಲಿ ಎದುರಿನಿಂದ ಬಸ್ಸೊಂದು ಮಂಜು ಸೀಳಿಕೊಂಡು ನುಗ್ಗಿತು. ಅವ್ವ ಗಾಬರಿಯಾಗಿ ಗೇರು ಹಿಡಿಯಲು ಬಲಗೈ ತೆಗೆದುಬಿಟ್ಟಳು. ಸ್ಟೀರಿಂಗಿನ ಮೇಲೆ ಉಳಿದದ್ದು ಎಡಗೈ ಒಂದೇ. ಲಾರಿ ಪ್ರಪಾತದ ಕಡೆ ವಾಲಿತು. ಕಾಕಾನ ಕೈ ಅವಳ ಕೈ ಹಿಡಿಯಲು ಅರ್ಧದ ತನಕ ಹೋಯಿತು. ಹೋಗಿ, ಅಲ್ಲೇ ಗಾಳಿಯಲ್ಲಿ ನಿಂತಿತು. ಅವನು ಮುಟ್ಟಲಿಲ್ಲ. ಅವ್ವನ ಎಡಗೈಯ ಬೆರಳುಗಳು ಬಿಳಿಚಿಕೊಂಡವು, ಮಣಿಕಟ್ಟು ನಡುಗಿತು, ಸ್ಟೀರಿಂಗ್ ಇಂಚಿಂಚಾಗಿ ಎಡಕ್ಕೆ ಹೊರಳಿತು. ಬಸ್ಸು ಪಕ್ಕದಿಂದ ಸರ್ರನೆ ಹಾದುಹೋಯಿತು. ಲಾರಿ ರಸ್ತೆಯ ಮೇಲೆಯೇ ಇತ್ತು.

"ಯಾವನೋ ಅಂವಾ, ಹಾರ್ನ್ ಇಲ್ಲದ ಬರಾಂವಾ!" ಎಂದು ಅವ್ವ ಆ ಬಸ್ಸಿಗೆ ಬಯ್ದಳು. ಗಾಡಿಯನ್ನು ಬದಿಗೆ ಹಾಕಿ ನಿಲ್ಲಿಸಿದಳು.

ಕಾಕಾ ಚಹಾ ಮಾಡುವ ನೆವದಲ್ಲಿ ಎದ್ದ. ಮುಖ ನಮಗೆ ಕಾಣದಂತೆ ತಿರುಗಿಸಿಕೊಂಡೇ ಹೊರಟಿದ್ದ. ಅವನ ಬಲಗೈ ತೋಳಿನ ಗುಂಡಿ ಬಿಚ್ಚಿಕೊಂಡು ಜೋತಾಡುತ್ತಿತ್ತು.

"ತಮ್ಮಾ, ಬಾ ಇಲ್ಲೆ" ಎಂದಳು ಅವ್ವ.

ಬಂದು ನಿಂತ. ಅವ್ವ ಅವನ ತೋಳನ್ನು ಹತ್ತಿರ ಎಳೆದುಕೊಂಡಳು. ಒಂದೂವರೆ ವರ್ಷದಿಂದ ತನ್ನ ಕುಪ್ಪಸದ ಗುಂಡಿಯನ್ನೂ ನನ್ನಿಂದ ಹಾಕಿಸಿಕೊಳ್ಳುತ್ತಿದ್ದವಳು ಅವಳು. ಎಡಗೈಯಿಂದ ಬಟ್ಟೆಯ ಅಂಚು ಹಿಡಿದು, ಬಲಗೈಯಿಂದ ಗುಂಡಿ ತೂರಿಸಲು ನೋಡಿದಳು. ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಕಾಕಾ ಕೈ ಚಾಚಿಕೊಂಡು, ಅಲುಗದೆ ನಿಂತಿದ್ದ.

"ನಾ ಈ ಮನಿಗೆ ಮದುವಿಯಾಗಿ ಬಂದಾಗ ಇಂವಗ ಏಳು ವರ್ಷ" ಎಂದಳು ಅವ್ವ ನನಗೆ, ಗುಂಡಿಯಿಂದ ಕಣ್ಣು ತೆಗೆಯದೆ. "ದಿನಾ ಸಾಲಿಗೆ ಹೋಗುಮುಂದ ಹಿಂಗ ಬಂದು ನಿಂದರತಿದ್ದ."

ಮೂರನೆಯ ಸಲಕ್ಕೆ ಗುಂಡಿ ಕೂತಿತು. ಅವ್ವ ಅದರ ಮೇಲೊಮ್ಮೆ ಎಡಗೈಯಿಂದಲೇ ತಟ್ಟಿ, "ಹೂಂ, ನಡಿ" ಎಂದಳು. ಕಾಕಾ ಮಾತ್ರ ಎಷ್ಟೋ ಹೊತ್ತು ಅಲ್ಲಿಯೇ ನಿಂತಿದ್ದ.